ಅವ್ವನ ಚುಕ್ಕಿ

ಅಪ್ಪ ಫೋಟೋ ತೆಗೆಯುತ್ತಿದ್ದ, ಅವ್ವ ಆ ಫೋಟೋಗಳ ಮೇಲಿನ ಚುಕ್ಕಿ ತೆಗೆಯುತ್ತಿದ್ದಳು. ನಮ್ಮ ಮನೆ ನಡೆದದ್ದು ಹೀಗೆ. ಪೇಟೆ ಬೀದಿ ಮುಗಿಯುವ ಕಡೆ, ಹಿಟ್ಟಿನ ಗಿರಣಿಯ ಮಗ್ಗುಲಿಗೆ, ನೀಲಿ ಬಾಗಿಲಿನ ಸ್ಟುಡಿಯೋ. ಅದರ ಹಿಂದೆ ಅಡುಗೆಮನೆ, ಮೇಲೊಂದು ಉದ್ದನೆಯ ಕೋಣೆ. ಗಿರಣಿ ಓಡುವಾಗ ಗೋಡೆಗೆ ತೂಗುಹಾಕಿದ ಮದುಮಕ್ಕಳೆಲ್ಲ ಸಣ್ಣಗೆ ನಡುಗುತ್ತಿದ್ದರು. ಯಾರಾದರೂ ಕ್ಯಾಮೆರಾ ಮುಂದೆ ಕೂತರೆ ಅಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಒಂದ್ ಗಳಿಗೆ ನಿಲ್ಸಪ್ಪಾ" ಎಂದು ಕೂಗುತ್ತಿದ್ದ. ಗಿರಣಿ ನಿಲ್ಲುತ್ತಿತ್ತು. ಆಗ ಬೀಳುವ ಮೌನದಲ್ಲಿ ಕೂತವರ ಮುಖ ತಾನಾಗಿಯೇ ಫೋಟೋದ ಮುಖವಾಗುತ್ತಿತ್ತು. ಈಗಲೂ ಎಲ್ಲಾದರೂ ಹಿಟ್ಟಿನ ವಾಸನೆ ಬಂದರೆ ನಾನು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತೇನೆ.

ನಮ್ಮೂರಲ್ಲಿ ಯಾರ ಮನಸ್ಸು ಎಲ್ಲಿ ಕೂತರೂ ಅಲ್ಲೊಂದು ಚುಕ್ಕಿ ಮೂಡುತ್ತಿತ್ತು. ಸಾಸಿವೆ ಕಾಳಿನಷ್ಟು ಇರುತ್ತಿತ್ತು, ಜೇನುತುಪ್ಪದ ಬಣ್ಣ. ನೋಡುವವರು ಕಣ್ಣು ತೆಗೆದ ಮೇಲೆ ಒಂದು ಉಸಿರಿನಷ್ಟು ಹೊತ್ತು ನಿಂತು ಆರಿಹೋಗುತ್ತಿತ್ತು. ಎಲ್ಲರ ಚುಕ್ಕಿಯೂ ಒಂದೇ ಬಣ್ಣದ್ದಾದ್ದರಿಂದ ಗುಂಪಿನಲ್ಲಿ ಯಾರದು ಯಾವುದೆಂದು ಗೊತ್ತಾಗುತ್ತಿರಲಿಲ್ಲ. ಅದಕ್ಕೇ ನಮ್ಮೂರಿನ ಜನ ಏನು ಮಾಡಿದರೂ ಗುಂಪಾಗಿ ಮಾಡುತ್ತಿದ್ದರು. ಸೀರೆ ತರಲು ಒಬ್ಬಳೇ ಹೋದರೆ ಅಂಗಡಿ ಗುರುಸಿದ್ದಪ್ಪ ಚುಕ್ಕಿ ಕೂತ ಸೀರೆಯನ್ನೇ ಎತ್ತಿ ಮಡಿಲಿಗೆ ಹಾಕಿ ಬೆಲೆ ಏರಿಸುತ್ತಿದ್ದ. ಹಾಗಾಗಿ ಹೆಂಗಸರು ಸೇರಿಕೊಂಡು ಹೋಗಿ, ಬೇಡದ ಸೀರೆಗಳನ್ನೆಲ್ಲ ಮನಸ್ಸಿಟ್ಟು ನೋಡುವುದನ್ನು ರೂಢಿ ಮಾಡಿಕೊಂಡಿದ್ದರು. ಹೆಣ್ಣು ನೋಡಲು ಬಂದವರನ್ನು ನಡುಮನೆ ತುಂಬ ನೆಂಟರನ್ನು ಕೂರಿಸಿಯೇ ಬರಮಾಡಿಕೊಳ್ಳುತ್ತಿದ್ದರು. ಇನ್ನೊಬ್ಬರ ಚುಕ್ಕಿಯನ್ನು ಬೆರಳು ಮಾಡಿ ತೋರಿಸುವುದು ಬಹಳ ಕೆಟ್ಟ ನಡತೆ. ನಿಮ್ಮ ಕೆನ್ನೆಯ ಮೇಲೆ ಯಾರದೋ ಚುಕ್ಕಿ ಕೂತರೆ ಬೆವರು ಒರೆಸಿಕೊಂಡಂತೆ ಸೆರಗಿನಿಂದ ಒರೆಸಿಕೊಳ್ಳಬೇಕು. ಅದು ಒರೆಸಿದರೆ ಹೋಗುವಂಥದ್ದಲ್ಲ ಎಂದು ಎಲ್ಲರಿಗೂ ಗೊತ್ತಿತ್ತು, ಆದರೂ ಒರೆಸಿಕೊಳ್ಳುತ್ತಿದ್ದರು.

ಫೋಟೋದಲ್ಲಿ ಈ ಚುಕ್ಕಿಗಳು ಬಿಳಿ ಕಲೆಗಳಾಗಿ ಬೀಳುತ್ತಿದ್ದವು. ಒಬ್ಬ ಹುಡುಗಿ ಕ್ಯಾಮೆರಾ ಮುಂದೆ ಕೂತರೆ ಅದರ ಹಿಂದೆ ನಿಂತ ತಾಯಿ, ಅತ್ತೆ, ತಮ್ಮಂದಿರ ಚುಕ್ಕಿಗಳೆಲ್ಲ ಅವಳ ಮುಖದ ಮೇಲೆ. ಅವ್ವ ಹಿತ್ತಲ ಕಿಟಕಿಯ ಹತ್ತಿರ ಮಣೆ ಹಾಕಿಕೊಂಡು ಕೂತು, ಅಳಿಲಿನ ಕೂದಲಿನ ಕುಂಚಕ್ಕೆ ಮಸಿ ಹಚ್ಚಿ ಒಂದೊಂದನ್ನೇ ಮುಚ್ಚುತ್ತಿದ್ದಳು. ಕೆಲಸ ಮಾಡುವಾಗ ಅವಳದೇ ಚುಕ್ಕಿ ಕುಂಚದ ತುದಿಗಿಂತ ಒಂದು ಕೂದಲೆಳೆ ಮುಂದೆ ಹೋಗುತ್ತಿತ್ತು, ದಾರಿ ತೋರಿಸುವ ಹಾಗೆ. ಹೊಸದಾಗಿ ಮದುವೆಯಾದ ಕೆಲವರು ಮೆಲ್ಲಗೆ ಬಂದು, "ಹಾಲಮ್ಮಾರೆ, ಆ ಗಲ್ಲದ ಮೇಲಿಂದು ಒಂದು ಇರ್ಲಿ, ಅಳಿಸ್ಬೇಡಿ" ಎನ್ನುತ್ತಿದ್ದರು. ಅವ್ವ ತಲೆ ಎತ್ತದೆ ನಗುತ್ತಿದ್ದಳು.

ನಾವು ಇಬ್ಬರು ಹೆಣ್ಣುಮಕ್ಕಳು. ಅಕ್ಕ ಇಂದುಮತಿ, ನಾನು ವನಮಾಲಾ. ನಮ್ಮದು ಸಣ್ಣ ಮನೆ. ಅಪ್ಪ ಸ್ಟುಡಿಯೋದಲ್ಲಿ ಇರುವಾಗ ಒಳಗೆ ನಾವು ಮೂವರೇ. ಮೂವರೇ ಇರುವ ಮನೆಯಲ್ಲಿ ಚುಕ್ಕಿ ಯಾರದೆಂದು ಮುಚ್ಚಿಡಲಾಗುವುದಿಲ್ಲ. ಇಂದೂ ಮತ್ತು ನಾನು ಅಕ್ಕಪಕ್ಕ ಕೂತಾಗ ಅವ್ವ ಒಳಗೆ ಬಂದರೆ ಚುಕ್ಕಿ ಇಂದೂ ಹಣೆಯ ಮೇಲೆ ಕೂರುತ್ತಿತ್ತು. ಉಣ್ಣುವಾಗ ಅವಳ ಕೆನ್ನೆಯ ಮೇಲೆ, ಓದುವಾಗ ಅವಳ ರೆಪ್ಪೆಯ ಮೇಲೆ. ನನ್ನ ಮೇಲೆ ಕೂತದ್ದನ್ನು ನಾನು ಒಮ್ಮೆಯೂ ನೋಡಿದ್ದಿಲ್ಲ. ಅವ್ವ ನನಗೇನೂ ಕಡಿಮೆ ಮಾಡಿದವಳಲ್ಲ. ಎಣ್ಣೆ ಹಚ್ಚಿ ತಲೆ ಬಾಚುತ್ತಿದ್ದಳು, ಚುಕ್ಕಿ ಬಾಚಣಿಗೆಯ ಮೇಲಿರುತ್ತಿತ್ತು. ಬಡಿಸುತ್ತಿದ್ದಳು, ಚುಕ್ಕಿ ನನ್ನ ತಟ್ಟೆಯ ಅಂಚಿನ ಮೇಲೆ. ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು, ಚುಕ್ಕಿ ಆ ಬಟ್ಟೆಯ ಮೇಲೆ. ನನ್ನ ಫೋಟೋಗಳ ಮೇಲಿನ ಕಲೆಗಳನ್ನು ಅವಳು ತೆಗೆಯುತ್ತಿರಲಿಲ್ಲ. ಅಪ್ಪನೇ ಒರಟು ಕೈಯಲ್ಲಿ ಬಳಿಯುತ್ತಿದ್ದ. ಹಾಗಾಗಿ ನನ್ನ ಬಾಲ್ಯದ ಫೋಟೋಗಳಲ್ಲೆಲ್ಲ ನನಗೆ ಮೀಸೆ ಬಂದಂತಿದೆ.

ಓಣಿಯವರಿಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ನನ್ನ ಕೈಗೆ ಮಾತ್ರ ಒಂದು ಉಂಡೆ ಹೆಚ್ಚು ಇಡುತ್ತಿದ್ದರು. ಆ ಹೆಚ್ಚಿನ ಉಂಡೆ ನನಗೆ ರುಚಿಸುತ್ತಿರಲಿಲ್ಲ. ದೊಡ್ಡವಳಾಗುತ್ತ ನಾನು ಅವ್ವನ ಎದುರಿಗೆ ಇಂದೂ ಜೊತೆ ಕೂರುವುದನ್ನೇ ಬಿಟ್ಟೆ. ಅವ್ವ ಒಳಗಿದ್ದರೆ ನಾನು ಮೆಟ್ಟಿಲ ಮೇಲೆ, ಅವಳು ಹಿತ್ತಲಲ್ಲಿದ್ದರೆ ನಾನು ಕತ್ತಲೆ ಕೋಣೆಯಲ್ಲಿ ಅಪ್ಪನ ಜೊತೆ ಫೋಟೋ ತೊಳೆಯುತ್ತ.

ಶಾಂಭವಿ ಹೊಳ್ಳ ಮೇಡಂ ನಮ್ಮೂರಿಗೆ ಬಂದದ್ದು ಇಂದೂ ಮದುವೆ ಗೊತ್ತಾದ ವರ್ಷ. ಕರಾವಳಿ ಕಡೆಯವರು. ಮನಸ್ಸಿನ ಶಾಸ್ತ್ರ ಓದಿ ಯಾವುದೋ ದೊಡ್ಡ ಊರಿನ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದರು. ದಪ್ಪ ಕನ್ನಡಕ, ಗಿಡ್ಡ ಜಡೆ, ಮಾತಿಗೆ ಮೊದಲು ನಗು. ನಮ್ಮ ಮೇಲಿನ ಕೋಣೆಯನ್ನು ಬಾಡಿಗೆಗೆ ಹಿಡಿದರು. ಅವರಿಗೆ ಬೇಕಾದದ್ದು ಮುಖಗಳು: ಸಿಟ್ಟಿನ ಮುಖ, ದುಃಖದ ಮುಖ, ನಗುಮುಖ, ಏನೂ ಇಲ್ಲದ ಮುಖ. ಎಲ್ಲವೂ ಒಂದೇ ಅಳತೆಯಲ್ಲಿ, ಒಂದೇ ಬೆಳಕಿನಲ್ಲಿ ಬೇಕು. ಅಪ್ಪನಿಗೆ ಜನ್ಮದಲ್ಲಿ ಸಿಕ್ಕದ ಖುಷಿ ಸಿಕ್ಕಿತು.

ಆ ವಾರಗಳನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಊರಿಗೆ ಊರೇ ಮುಖ ಮಾಡಲು ಬಂತು. ಗುರುಸಿದ್ದಪ್ಪನಿಗೆ ಸಿಟ್ಟಿನ ಮುಖ ಮಾಡಲು ಹೇಳಿದರೆ ಗಿರಾಕಿ ಬಂದಾಗಿನ ನಗುವೇ ಬರುತ್ತಿತ್ತು. ಕೊನೆಗೆ ಅಪ್ಪ, "ನಿನ್ ಸೀರೆ ಬಣ್ಣ ಬಿಡ್ತಾವಂತೆ" ಎಂದ ಮೇಲೆ ಒಳ್ಳೆಯ ಚಿತ್ರ ಸಿಕ್ಕಿತು. ಅಂಚೆಯ ಖಾದರ್ ಸಾಬರು ದುಃಖದ ಮುಖಕ್ಕೆ ಕೂತವರು ನಿಜವಾಗಿಯೂ ಅತ್ತುಬಿಟ್ಟರು. ಅವರ ಹೆಂಡತಿ ತೀರಿಕೊಂಡು ಬಹಳ ದಿನವಾಗಿರಲಿಲ್ಲ. ಗಿರಣಿ ನಿಂತೇ ಇತ್ತು. ಯಾರೂ ಗಿರಣಿಯವನಿಗೆ ಬೆಲ್ಟು ಹಾಕು ಎನ್ನಲಿಲ್ಲ. ಇಂದೂ ಮತ್ತು ನಾನು ಏನೂ ಇಲ್ಲದ ಮುಖಕ್ಕೆ ಕೂತೆವು. ಮೇಡಂ ನನ್ನ ಫೋಟೋ ನೋಡಿ, "ನಿನಗೆ ಇದು ಚಂದ ಬರ್ತದೆ ಮಾರಾಯ್ತಿ, ಅಭ್ಯಾಸ ಉಂಟಾ?" ಎಂದರು.

ಅವರ ಯಂತ್ರಕ್ಕೆ ಊರವರು ಟಕ್ ಪೆಟ್ಟಿಗೆ ಎಂದು ಹೆಸರಿಟ್ಟರು. ಕಪ್ಪು ಬಣ್ಣದ ಅಗಲವಾದ ಪೆಟ್ಟಿಗೆ. ಮುಂದೆ ಎಡಕ್ಕೊಂದು ಬಲಕ್ಕೊಂದು ಗಾಜಿನ ಕಿಟಕಿ. ಎರಡು ಕಿಟಕಿಗೆ ಎರಡು ಮುಖ ಇಟ್ಟು ದೀಪ ಹಾಕಿದರೆ ಎರಡೂ ಒಟ್ಟಿಗೆ ಕಾಣುತ್ತವೆ. ಸ್ವಲ್ಪ ಹೊತ್ತಿಗೆ ದೀಪ ಆರುತ್ತದೆ. ಆರಿದ ಕೂಡಲೇ ಒಂದು ಕಿಟಕಿಯ ನಡುವೆ ಸಣ್ಣ ಕೆಂಪು ಚುಕ್ಕಿ ಹತ್ತುತ್ತದೆ. ಎಡಕ್ಕೆ ಹತ್ತಿದರೆ ಎಡಗೈಯ ಕೀಲಿ, ಬಲಕ್ಕೆ ಹತ್ತಿದರೆ ಬಲಗೈಯ ಕೀಲಿ ಒತ್ತಬೇಕು. ಟಕ್. ಬೆರಳು ಎಷ್ಟು ಬೇಗ ಒತ್ತಿತು ಎಂದು ಹಿಂದಿನ ಮುಳ್ಳು ತೋರಿಸುತ್ತದೆ.

"ಇದ್ರಲ್ಲಿ ಏನ್ ಗೊತ್ತಾಗ್ತದೆ?" ಎಂದು ಅಪ್ಪ ಕೇಳಿದ.

"ಮನಸ್ಸು ಮೊದಲೇ ಯಾವ ಮುಖದ ಹತ್ರ ಇತ್ತೋ, ಅಲ್ಲೇ ಚುಕ್ಕಿ ಬಂದ್ರೆ ಬೆರಳು ಬೇಗ ಹೋಗ್ತದೆ," ಎಂದರು ಮೇಡಂ. "ಬೇರೆ ಕಡೆ ಬಂದ್ರೆ ಮನಸ್ಸು ಅಲ್ಲಿಂದ ಎದ್ದು ಇಲ್ಲಿಗೆ ಬರ್ಬೇಕಲ್ಲ, ಅದಕ್ಕೆ ಸ್ವಲ್ಪ ತಡ ಆಗ್ತದೆ. ಬಾಯಲ್ಲಿ ಕೇಳಿದ್ರೆ ಜನ ಹೇಳುವುದಿಲ್ಲ. ಬೆರಳು ಹೇಳ್ತದೆ."

ಅಪ್ಪ ಗೌರವದಿಂದ ತಲೆಯಾಡಿಸಿದ. ಮೊದಲಿಗೆ ಅವನೇ ಕೂತ. ದೀಪ ಹತ್ತಿತು. ಖಾದರ್ ಸಾಬರ ದುಃಖದ ಮುಖದ ಮೇಲೆ, ಮೂಗಿನ ತುದಿಗೆ ಸರಿಯಾಗಿ, ಅಪ್ಪನ ಜೇನುಬಣ್ಣದ ಚುಕ್ಕಿ ಬಂದು ಕೂತಿತು. ಮೇಡಂ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಬಂದಾಗಿನಿಂದ ಊರಿನ ಗೋಡೆ, ಸೀರೆ, ಹಣೆಗಳ ಮೇಲೆ ಇಂಥವನ್ನು ನೋಡಿ ಯಾವುದೋ ಹುಳ ಎಂದುಕೊಂಡಿದ್ದರಂತೆ.

"ಇದೆಂತದು?"

"ಯಾವ್ದು?" ಎಂದ ಅಪ್ಪ.

"ಈ ಚುಕ್ಕಿ!"

"ನಂದು," ಎಂದ ಅಪ್ಪ, ನಾಚಿಕೊಂಡು.

ಮೇಡಂ ಕೂತಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕರು. "ನನ್ನ ಗುರುಗಳು ಇದನ್ನು ಕಂಡುಹಿಡಿಯಲಿಕ್ಕೆ ಕೂದಲು ಬಿಳಿ ಮಾಡಿಕೊಂಡ್ರು. ನಿಮ್ಮಲ್ಲಿ ಇದು ಸೊಳ್ಳೆ ಹಾಗೆ ಎಲ್ಲ ಕಡೆ ಕೂತುಕೊಂಡಿದೆ!" ಮರುದಿನವೇ ಪೆಟ್ಟಿಗೆ ಕಟ್ಟಿಕೊಂಡು ಹೊರಡುತ್ತೇನೆ ಎಂದರು. ಹೊರಡಲಿಲ್ಲ. ಕುತೂಹಲ ಬಿಡಲಿಲ್ಲ. ನನ್ನನ್ನು ಸಹಾಯಕ್ಕೆ ಇಟ್ಟುಕೊಂಡರು. ಪೆಟ್ಟಿಗೆಯ ಪಕ್ಕ ಕೂತು ಮುಖಗಳನ್ನು ಬದಲಾಯಿಸುವುದು, ದೀಪದ ತಿರುಗಣೆ ತಿರುಗಿಸುವುದು, ಮುಳ್ಳು ನೋಡಿ ಹೇಳುವುದು ನನ್ನ ಕೆಲಸ. ಜೀವನದಲ್ಲಿ ಮೊದಲ ಸಲ ನನಗೆ ಒಂದು ಜಾಗ ಸಿಕ್ಕಿತ್ತು. ಅಲ್ಲಿ ಕೂತರೆ ಯಾರ ಚುಕ್ಕಿ ಎಲ್ಲಿ ಕೂರುತ್ತದೆಂದು ನೋಡುವವಳು ನಾನು.

ಒಂದು ಬೆಳಿಗ್ಗೆ ದೀಪವನ್ನು ಬಹಳ ಕಡಿಮೆ ಹೊತ್ತಿಗೆ, ಒಂದು ಕಣ್ಣು ಮಿಟುಕಿನಷ್ಟಕ್ಕೆ ಇಳಿಸಿದಾಗ ವಿಚಿತ್ರವೊಂದು ಕಂಡಿತು. ಅಷ್ಟು ಬೇಗ ಆರಿದರೆ ನಮ್ಮೂರಿನ ಚುಕ್ಕಿ ಯಾವ ಮುಖದ ಮೇಲೂ ಮೂಡುತ್ತಿರಲಿಲ್ಲ, ಬೆರಳು ಮಾತ್ರ ತನ್ನ ಪಾಡಿಗೆ ಒಂದು ಕಡೆ ಬೇಗ, ಒಂದು ಕಡೆ ತಡ ಮಾಡುತ್ತಿತ್ತು. ಕೆಲವರಲ್ಲಿ ಎರಡಕ್ಕೂ ತಾಳೆಯೇ ಇರಲಿಲ್ಲ. ಖಾದರ್ ಸಾಬರ ಚುಕ್ಕಿ, ದೀಪ ತಡವಾಗಿ ಆರಿದಾಗೆಲ್ಲ ನಗುಮುಖಗಳ ಮೇಲೆ ಕೂತಿರುತ್ತಿತ್ತು. ಬೇಗ ಆರಿಸಿದರೆ ಬೆರಳು ದುಃಖದ ಮುಖದ ಕಡೆಗೇ ಹಾರುತ್ತಿತ್ತು.

"ನಿಮ್ಮ ಚುಕ್ಕಿ ಮನಸ್ಸು ಕೂತ ಮೇಲೆ ಬರುವಂಥದ್ದು," ಎಂದು ಮೇಡಂ ನನಗೆ ಹೇಳಿದರು. ಅವರ ದನಿ ತಗ್ಗಿತ್ತು. "ಕೂರುವ ಮೊದಲು ಮನಸ್ಸು ಎಲ್ಲಿಗೆ ಹಾರಿತ್ತು ಅಂತ ಅದಕ್ಕೆ ಗೊತ್ತಿಲ್ಲ. ಹಾರಿ, ಹೆದರಿ, ವಾಪಸ್ ಬಂದು ಬೇರೆ ಕಡೆ ಕೂತಿರಬಹುದಲ್ಲ?"

ಈ ಮಾತು ಊರಿನಲ್ಲಿ ಹೇಗೋ ಹರಡಿತು. ಚುಕ್ಕಿಯ ಜೊತೆ ಬಾಳುವುದನ್ನು ನಮ್ಮವರು ಕಲಿತಿದ್ದರು. ಅದಕ್ಕೂ ಹಿಂದೆ ಇನ್ನೊಂದು ಇದೆ ಎಂದರೆ ಯಾರಿಗೆ ಬೇಕು? ಟಕ್ ಪೆಟ್ಟಿಗೆಗೆ ಬರುವವರು ಕಡಿಮೆಯಾದರು. ಗುರುಸಿದ್ದಪ್ಪ ಬೀದಿಯಲ್ಲಿ ನಿಂತು, "ಹೊಳ್ಳಮ್ಮಾರೆ, ಊಟಕ್ಕೆ ಬನ್ನಿ, ಮನಸ್ಸಿನ್ ಸುದ್ದಿ ಬ್ಯಾಡ" ಎಂದು ಕೈ ಮುಗಿದ. ಮೇಡಂ ಬೇಸರ ಮಾಡಿಕೊಳ್ಳಲಿಲ್ಲ. ಹೊರಡುವ ದಿನ ಗೊತ್ತುಮಾಡಿ, ನನ್ನನ್ನು ಜೊತೆಗೆ ಕರೆದರು. ಅವರ ಪ್ರಯೋಗಾಲಯದಲ್ಲಿ ಕೆಲಸ, ಪಕ್ಕದಲ್ಲೇ ಇರಲು ಕೋಣೆ, ಸಂಜೆ ಕಾಲೇಜು. ಹೊರಗಿನ ಊರುಗಳಲ್ಲಿ ಚುಕ್ಕಿ ಇಲ್ಲ ಎಂದು ಅವರು ಹೇಳಿದ್ದೇ ನನಗೆ ದೊಡ್ಡ ಆಸೆಯಾಗಿತ್ತು. ಯಾರಿಗೂ ಚುಕ್ಕಿ ಇಲ್ಲದ ಕಡೆ ನನಗೂ ಇಲ್ಲ, ಅಷ್ಟೇ ತಾನೆ.

ಅಪ್ಪ ಒಪ್ಪಿದ. ಅವ್ವ ಮಧ್ಯಾಹ್ನ ಊಟವಾದ ಮೇಲೆ ಕೈ ಒರೆಸಿಕೊಂಡು ಮೇಲಿನ ಕೋಣೆಗೆ ಬಂದಳು.

"ಇವ್ಳು ಏನ್ ಕೆಲ್ಸಕ್ಕೆ ಹೊಂಟವ್ಳೆ ಅಂತ ನೋಡ್ಬೇಕಲ್ಲ," ಎಂದಳು. "ನಾನೂ ಕೂರ್ತೀನಿ."

ಮೇಡಂ ಕುರ್ಚಿ ಎಳೆದು ಕೊಟ್ಟರು. ನಾನು ಪಕ್ಕದಲ್ಲಿ ಕೂತು ಮುಖಗಳನ್ನು ಹಾಕುತ್ತ ಹೋದೆ. ಗುರುಸಿದ್ದಪ್ಪ, ಖಾದರ್ ಸಾಬರು, ಹೂವಿನವಳು, ಗಿರಣಿಯವನು. ಅವ್ವನ ಬೆರಳು ಚುರುಕು, ಕುಂಚ ಹಿಡಿದ ಬೆರಳು. ಫೋಟೋಗಳ ಕಟ್ಟಿನಲ್ಲಿ ಮುಂದಿನ ಜೋಡಿ ಬಂದಾಗ ನನ್ನ ಕೈ ಒಂದು ಕ್ಷಣ ನಿಂತಿತು. ಎಡಕ್ಕೆ ಇಂದೂ, ಬಲಕ್ಕೆ ನಾನು. ಎರಡೂ ಏನೂ ಇಲ್ಲದ ಮುಖ. ಮೇಡಂ ಮುಂದುವರಿಸು ಎಂಬಂತೆ ತಲೆಯಾಡಿಸಿದರು. ದೀಪ ಹಾಕಿದೆ. ನಿರೀಕ್ಷಿಸಿದಂತೆಯೇ ಅವ್ವನ ಚುಕ್ಕಿ ಇಂದೂ ಹಣೆಗೆ ಹೋಗಿ ಕೂತಿತು. ಕೆಂಪು ಚುಕ್ಕಿ ಅವಳ ಕಡೆ ಬಂದಾಗ ಬೆರಳೂ ಬೇಗ ಹೋಯಿತು. ನನಗೆ ಹೊಸದೇನಲ್ಲ. ಕಿಟಕಿಯ ಹೊರಗೆ ನೋಡುತ್ತ ಕೂತೆ.

ಮೇಡಂ ತಿರುಗಣೆ ಇಳಿಸಿದರು. ಮತ್ತೆ ಅದೇ ಮುಖಗಳು, ಕಣ್ಣು ಮಿಟುಕಿನಷ್ಟು ಹೊತ್ತು. ಈಗ ಯಾವ ಮುಖದ ಮೇಲೂ ಚುಕ್ಕಿ ಇಲ್ಲ. ಕೆಂಪು ದೀಪ ನನ್ನ ಕಡೆ ಹತ್ತಿದರೆ ಟಕ್ ಎಂದು ಕೂಡಲೇ ಸದ್ದು. ಇಂದೂ ಕಡೆ ಹತ್ತಿದರೆ ಒಂದು ತಡವರಿಕೆ, ಆಮೇಲೆ ಟಕ್. ಜಾಗ ಅದಲುಬದಲು ಮಾಡಿ ನನ್ನನ್ನು ಎಡಕ್ಕೆ ಹಾಕಿದರೂ ಹಾಗೇ. ಮುಳ್ಳು ನೋಡಬೇಕಾಗಿರಲಿಲ್ಲ, ಕಿವಿಗೇ ಗೊತ್ತಾಗುತ್ತಿತ್ತು. ಅವ್ವನ ಹಣೆ ಬೆವರಿತು. ಕೀಲಿಗಳಿಂದ ಕೈ ತೆಗೆದು ಸೆರಗಿನಲ್ಲಿ ಸುತ್ತಿಕೊಂಡಳು.

"ಸಾಕು," ಎಂದಳು. ಏಳುವಾಗ ತನ್ನಷ್ಟಕ್ಕೇ ಅಂದಳು, "ಇದು ಎಳ್ಕಳಾಕೆ ಪುರುಸೊತ್ತೇ ಕೊಡಲ್ವಲ್ಲ."

ಅವಳು ಇಳಿದು ಹೋದ ಮೇಲೆ ನಾನು ಮೇಡಂ ಕಡೆ ತಿರುಗಿದೆ. "ಇದರ ಅರ್ಥ ಏನು ಮೇಡಂ?"

ಅವರು ಪೆಟ್ಟಿಗೆಯ ದೀಪ ಆರಿಸಿದರು. "ನೂರು ಜನರನ್ನು ಕೂರಿಸಿದ್ರೆ ನಾನು ಏನಾದ್ರೂ ಹೇಳಿಯೇನು ಮಾಲಾ. ಒಬ್ಬರ ವಿಷಯ ಹೇಳುವ ಯೋಗ್ಯತೆ ಈ ಪೆಟ್ಟಿಗೆಗೆ ಇಲ್ಲ. ಹಾವಿನ ಚಿತ್ರ ಇಟ್ರೂ ಮನಸ್ಸು ಮೊದಲು ಅಲ್ಲಿಗೇ ಹಾರ್ತದೆ. ಅದು ಪ್ರೀತಿಯಾ ಹೆದರಿಕೆಯಾ ಅಂತ ಮುಳ್ಳಿಗೆ ಗೊತ್ತಾಗುವುದಿಲ್ಲ."

"ಮತ್ತೆ ಯಾರಿಗೆ ಗೊತ್ತಾಗುತ್ತೆ?"

"ಕೆಳಗಿದ್ದಾರಲ್ಲ, ಅವರಿಗೆ. ಕೇಳು. ನಮ್ಮ ಕೆಲಸದಲ್ಲಿ ಇದನ್ನು ಯಾಕೋ ಎಲ್ರೂ ಮರೀತಾರೆ."

ಹಾವು ಎಂಬ ಮಾತು ಚುಚ್ಚಿತ್ತು. ನಾನು ಮೆಟ್ಟಿಲಿಳಿದು ಹಿತ್ತಲಿಗೆ ಹೋದೆ. ಅವ್ವ ಕಿಟಕಿಯ ಹತ್ತಿರ ಕೂತು ಇಂದೂಗೆ ಗೊತ್ತಾದ ಗಂಡಿನ ಫೋಟೋ ಮೇಲಿನ ಕಲೆ ತೆಗೆಯುತ್ತಿದ್ದಳು. ಇಂದೂ ಬಾಗಿಲ ಹತ್ತಿರ ಕಾಲು ಚಾಚಿ ಕೂತು ಅಕ್ಕಿ ಆರಿಸುತ್ತಿದ್ದಳು. ನಾನು ಅವ್ವನ ಎದುರಿಗೇ ಹೋಗಿ ಕೂತೆ. ಅವಳ ಚುಕ್ಕಿ ಫೋಟೋದಿಂದ ಎದ್ದು ಬಾಗಿಲ ಕಡೆಗೆ, ಇಂದೂ ಕೆನ್ನೆಗೆ ಹೋಯಿತು.

"ಅವ್ವ, ನನ್ನ ಕಂಡ್ರೆ ನಿಂಗೆ ಹೆದ್ರಿಕೆನಾ?"

ಕುಂಚ ನಿಂತಿತು. "ಹೂಂ," ಎಂದಳು ಅವ್ವ, ಮುಚ್ಚುಮರೆ ಇಲ್ಲದೆ.

ಇಂದೂ ಅಕ್ಕಿಯಿಂದ ತಲೆ ಎತ್ತಿದಳು.

"ನೀನಿನ್ನೂ ಅಂಬೆಗಾಲಿಟ್ಟಿರಲಿಲ್ಲ," ಎಂದಳು ಅವ್ವ, ಮಾತು ನನಗೆ, ಮುಖ ಇಂದೂ ಕಡೆಗೆ. "ಜ್ವರ ನೆತ್ತಿಗೇರ್ತು. ಮೈ ಸೆಟೆದುಕೊಳ್ಳೋದು, ಬಿಡೋದು, ಮತ್ತೆ ಸೆಟೆದುಕೊಳ್ಳೋದು. ನಾನು ತೊಟ್ಟಿಲ ಹತ್ರ ಕೂತೋಳು ಏಳ್ಲೇ ಇಲ್ಲ. ಕಣ್ ಮಿಟುಕಿಸಿದ್ರೆ ಹೋಗ್ಬಿಡ್ತೀಯೇನೋ ಅನ್ಸೋದು. ನೋಡ್ತಾ ನೋಡ್ತಾ ನಿನ್ ಮಕದ ತುಂಬ ನಂದೇ ಚುಕ್ಕಿ. ಒಂದು ಆರೋದ್ರೊಳಗೆ ಇನ್ನೊಂದು. ಸಿಡುಬಿನ ಅಮ್ಮ ಎದ್ದಂಗೆ ಕಾಣ್ತಿತ್ತು. ತುಟಿ ನೀಲಿಗಾಯ್ತು. ನಿಮ್ಮಜ್ಜಿ ಬಾಗ್ಲಲ್ಲಿ ನಿಂತ್ಕೊಂಡು, ಹಾಲಮ್ಮ ಕಣ್ ತೆಗಿ, ಹೆತ್ತೋಳ್ ಕಣ್ಣೇ ತಾಗ್ತಾ ಐತೆ, ಕಣ್ ತೆಗಿ ಅಂತ ಕೂಗಿದ್ರು. ತೆಗೀದೆ ಏನ್ ಮಾಡ್ಲಿ? ಇವ್ಳು ಅಲ್ಲೇ ನಿಂತಿದ್ಲು, ಬಾಯಲ್ಲಿ ಬೆಳ್ಳು ಇಟ್ಕೊಂಡು. ಇವ್ಳನ್ನೇ ನೋಡ್ದೆ. ಮನಸ್ಸನ್ನ ಕಿತ್ತು ಇವ್ಳ ಮ್ಯಾಲೆ ಇಟ್ಟೆ. ಹಿಂದ್ಗಡೆ ನೀನು ಅತ್ತೆ. ಅಷ್ಟೊತ್ತೂ ಅಳದಿದ್ದೋಳು ಅತ್ತೆ."

"ಡಾಕ್ಟ್ರು ಬಂದಿರಲಿಲ್ವಾ?"

"ಬಂದಿದ್ರು. ಸೂಜಿ ಚುಚ್ಚಿ ಹೋಗಿದ್ರು. ಅದ್ರಿಂದ್ಲೇ ಉಳ್ದೆ ಅಂತ ನಂಗೂ ಗೊತ್ತು ಕಣೆ, ನಾನೇನು ದಡ್ಡಿನಾ? ಆದ್ರೆ ಇನ್ನೊಂದ್ಸಲ ನೋಡಿ ಪರೀಕ್ಷೆ ಮಾಡಾಕೆ ಯಾವ ತಾಯಿಗೆ ಧೈರ್ಯ ಬರ್ತದೆ?" ಅವ್ವ ಕುಂಚವನ್ನು ಬಟ್ಟೆಗೆ ಒರೆಸಿದಳು. ಒರೆಸಿದ್ದನ್ನೇ ಒರೆಸಿದಳು. "ನೀನು ಬಂದ ತಕ್ಷಣ ಕಣ್ಣು ನಿನ್ ಹತ್ರನೇ ಓಡೋದು. ಚುಕ್ಕಿ ಆಗೋದ್ರೊಳಗೆ ಎಳ್ಕೊಂಡು ಇವ್ಳ ಮ್ಯಾಲೆ ಇಡ್ತಿದ್ದೆ. ಆಮ್ಯಾಲಾಮ್ಯಾಲೆ ಅದೇ ಅಭ್ಯಾಸ ಆಗೋಯ್ತು. ಇವತ್ತು ಆ ಪೆಟ್ಟಿಗೆ ಮುಂದೆ ಎಳ್ಕಳಾಕೆ ಆಗ್ಲಿಲ್ಲ."

ಗಿರಣಿ ಓಡುತ್ತಿತ್ತು. ನನಗೆ ಸಿಟ್ಟೇ ಮೊದಲು ಬಂದದ್ದು. ಅಷ್ಟೂ ವರ್ಷ ಮೆಟ್ಟಿಲ ಮೇಲೆ ಕೂತಿದ್ದ ಹುಡುಗಿಗೆ ಇದನ್ನು ಯಾರಾದರೂ ಒಂದು ಮಾತು ಹೇಳಬಾರದಿತ್ತೆ? ಅದನ್ನೇ ಕೇಳಿದೆ. "ಹೇಳಿದ್ರೆ ನೀನು ನೋಡು ಅಂತಿದ್ದೆ," ಎಂದಳು ಅವ್ವ. "ನೀನು ನೋಡು ಅಂದಿದ್ರೆ ನನ್ ಕೈಲಿ ಆಗ್ತಿರ್ಲಿಲ್ಲ, ನೋಡ್ಬಿಡ್ತಿದ್ದೆ."

ನಮ್ಮಿಬ್ಬರ ನಡುವೆ ಇಂದೂ ಕೂತಿದ್ದಾಳೆಂದು ನನಗೆ ನೆನಪಾದದ್ದು ಆಗ. ಅವಳ ಕೆನ್ನೆಯ ಮೇಲೆ ಇನ್ನೂ ಅವ್ವನ ಚುಕ್ಕಿ ಇತ್ತು. ಅವಳು ಮೊರವನ್ನು ಪಕ್ಕಕ್ಕಿಟ್ಟು ಎದ್ದಳು. ನಾನು ಅವಳ ಹಿಂದೆ ಬಾವಿಕಟ್ಟೆಯವರೆಗೆ ಹೋದೆ.

"ಇಂದೂ, ನೀನು ಕೇಳಿಸ್ಕೊಂಡೆಯಲ್ಲ..."

"ನಂಗೆ ಹೊಸದಾ?" ಎಂದಳು ಇಂದೂ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬಳಲಿಕೆ ಇತ್ತು. "ಅವ್ವ ನನ್ನನ್ನೇ ನೋಡ್ತಾ ಕೇಳೋಳು, ಅವಳು ಉಂಡ್ಲಾ, ಅವಳ ಕೆಮ್ಮು ಹೋಯ್ತಾ, ಅವಳು ಯಾಕೆ ಸಪ್ಪಗವ್ಳೆ ಅಂತ. ಊರವ್ರೆಲ್ಲ, ಇಂದೂ ಪುಣ್ಯವಂತೆ ಅನ್ನೋರು. ನನ್ನ ಮುಖದ ಮೇಲೆ ಕೂತಿದ್ದೆಲ್ಲ ನಿನ್ನ ಚುಕ್ಕಿ ಕಣೆ ಮಾಲಾ. ನಾನು ಮಣೆ ಇದ್ದಂಗೆ."

"ನಂಗೆ ಹೇಳ್ಬಹುದಿತ್ತಲ್ಲ."

"ಹೇಳಿ? ಇದ್ದಿದ್ದನ್ನೂ ಕಳ್ಕೊಳ್ಳೋದಾ?" ಎಂದಳು. ಆಮೇಲೆ ಹಗ್ಗ ಹಿಡಿದು ಕೊಡ ಬಿಟ್ಟಳು. ಇಬ್ಬರೂ ಸೇರಿ ಸೇದಿದೆವು. ಬೇಕಾದ್ದಕ್ಕಿಂತ ಹೆಚ್ಚು ನೀರು ಸೇದಿದೆವು. ಹಂಡೆ ತುಂಬಿ, ತೊಟ್ಟಿ ತುಂಬಿ, ಕೊನೆಗೆ ಕರಿಬೇವಿನ ಗಿಡಕ್ಕೆ ಸುರಿದೆವು. ಅಳು ಬಂದದ್ದು ನನಗೆ, ಮೂಗು ಸುರಿದದ್ದು ಅವಳಿಗೆ. ಅವಳ ಮದುವೆಗೆ ಉಳಿದಿದ್ದ ದಿನಗಳಲ್ಲಿ ನಾವಿಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗಿದೆವು, ಚಿಕ್ಕಂದಿನಲ್ಲೂ ಹಾಗೆ ಮಲಗಿರಲಿಲ್ಲ. ಮದುವೆಯ ದಿನ ಧಾರೆಯ ಹೊತ್ತಿಗೆ ಅವಳ ಮುಖದ ಮೇಲೆ ಎಷ್ಟು ಚುಕ್ಕಿಗಳಿದ್ದವೆಂದರೆ ಅವಳ ಗಂಡ ಗಾಬರಿಯಾದ. ಅವ್ವ ಮಂಟಪದ ಎದುರಿಗೇ ಕೂತು, ಬೇರೆ ಎಲ್ಲೂ ನೋಡದೆ ಇಂದೂವನ್ನೇ ನೋಡಿದಳು. ನಾನು ಅಂದು ಅಡುಗೆಯ ಕಡೆ ಇದ್ದುಬಿಟ್ಟೆ. ಅವತ್ತಿನ ಚುಕ್ಕಿಯಾದರೂ ಪೂರ್ತಿ ಇಂದೂದೇ ಆಗಲಿ ಎನಿಸಿತ್ತು.

ಆಮೇಲೆ ನಾನು ಮೇಡಂ ಜೊತೆ ಹೊರಟೆ. ಬಸ್ಸಿನ ಹತ್ತಿರ ಅವ್ವ ನನ್ನ ಚೀಲದ ಗಂಟನ್ನೇ ನೋಡುತ್ತ ನಿಂತಿದ್ದಳು. ಬಸ್ಸು ತಿರುಗುವಾಗ ಅವಳು ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡದ್ದನ್ನು ಹಿಂದಿನ ಗಾಜಿನಿಂದ ನೋಡಿದೆ. ಮೊದಲಾಗಿದ್ದರೆ ಅದಕ್ಕೆ ಬೇರೆ ಅರ್ಥ ಮಾಡಿಕೊಳ್ಳುತ್ತಿದ್ದೆ.

ಹೊರಗಿನ ಊರಿಗೆ ಒಗ್ಗಿಕೊಳ್ಳುವುದು ಸುಲಭವಾಗಲಿಲ್ಲ. ಯಾರ ಮನಸ್ಸೂ ಎಲ್ಲೂ ಕಾಣದ ಊರು. ಅಂಗಡಿಯಲ್ಲಿ ಸೀರೆ ನೋಡುವಾಗ ಬೇಡದ್ದನ್ನೆಲ್ಲ ದಿಟ್ಟಿಸುವ ಅಭ್ಯಾಸ ಬಹಳ ಕಾಲ ಹೋಗಲಿಲ್ಲ. ಪ್ರಯೋಗಾಲಯದಲ್ಲಿ ಜನ ಬಂದು ಕೂತು ಟಕ್ ಟಕ್ ಎನಿಸಿ ಹೋಗುತ್ತಿದ್ದರು. ಖಾಲಿ ಗಾಜಿನ ಮೇಲೆ ನಾನು ಜೇನುಬಣ್ಣ ಹುಡುಕುತ್ತಿದ್ದೆ. ಆಮೇಲೆ ಪೆಟ್ಟಿಗೆಗಳು ಹೋಗಿ ಕಂಪ್ಯೂಟರ್ ಬಂದವು. ನಾನೂ ಓದಿದೆ, ಪಾಠ ಹೇಳಿದೆ, ನಿವೃತ್ತಳಾದೆ. ಹೊಳ್ಳ ಮೇಡಂ ಇಲ್ಲ. ಅಪ್ಪ ಇಲ್ಲ, ಅವ್ವ ಇಲ್ಲ. ಇಂದೂ ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ, ಗಿರಣಿಯ ಜಾಗದಲ್ಲಿ ಔಷಧಿ ಅಂಗಡಿ ಬಂದಿದೆಯಂತೆ. ಊರನ್ನು ನೆನೆದಾಗ ನನಗೆ ಆ ಸಂಜೆಗಳು ಕಾಣುತ್ತವೆ: ಪೇಟೆ ಬೀದಿಯಲ್ಲಿ ಜನ ಮನೆಗೆ ಹೋಗುತ್ತಿರುತ್ತಾರೆ, ಮಿಠಾಯಿಯ ಮೇಲೆ, ಕಿಟಕಿಗಳ ಮೇಲೆ, ಯಾರದೋ ಜಡೆಯ ಮೇಲೆ ಯಾರದೋ ಆಸೆ ಮಿನುಗಿ ಆರುತ್ತಿರುತ್ತದೆ, ಎಲ್ಲರೂ ಏನೂ ಕಾಣದವರಂತೆ ಮರ್ಯಾದೆಯಿಂದ ನಡೆಯುತ್ತಿರುತ್ತಾರೆ.

ಆದರೆ ಹೇಳಬೇಕಾದದ್ದು ಇನ್ನೊಂದಿದೆ. ನಾನು ಬಂದ ಮರುವರ್ಷ ಅವ್ವ ನನ್ನನ್ನು ನೋಡಲು ಬಂದಳು. ಊರು ಬಿಟ್ಟು ಹೊರಗೆ ಬಂದದ್ದು ಅದೇ ಮೊದಲು. ಅಪ್ಪ ಅವಳನ್ನು ನನ್ನ ಕೋಣೆಗೆ ಬಿಟ್ಟು ಕ್ಯಾಮೆರಾ ಸಾಮಾನು ತರಲು ಹೋದ. ಬೆಳಗಿನ ಬಿಸಿಲು ಕೋಣೆಯ ತುಂಬ ಇತ್ತು. ನಾನು ಅವಲಕ್ಕಿ ಒಗ್ಗರಣೆ ಹಾಕಿ ಎರಡು ತಟ್ಟೆಗೆ ಬಡಿಸಿದೆ. ಅವ್ವ ಮಂಚದ ಅಂಚಿಗೆ ಕೂತು ಎದುರಿನ ಗೋಡೆ ನೋಡಿದಳು. ಕಾದಳು. ನೀರಿನ ಲೋಟ ನೋಡಿದಳು, ಕಾದಳು. ತನ್ನ ಕಾಲಿನ ಹೆಬ್ಬೆರಳನ್ನೇ ನೋಡಿ ಕಾದಳು.

"ಇಲ್ಲಿ ಬರಾಕಿಲ್ವೇನೆ?" ಎಂದಳು.

"ಬರಲ್ಲ ಅವ್ವ."

"ಏನ್ ನೋಡಿದ್ರೂನೂ?"

"ಏನ್ ನೋಡಿದ್ರೂನೂ."

"ಎಷ್ಟೊತ್ ನೋಡಿದ್ರೂನೂ?"

"ಹೂಂ."

ಅವ್ವ ತಟ್ಟೆಯನ್ನು ಪಕ್ಕಕ್ಕಿಟ್ಟು ತಲೆ ಎತ್ತಿದಳು. ನನ್ನ ಹಣೆ ನೋಡಿದಳು, ಹುಬ್ಬು ನೋಡಿದಳು. ಒಮ್ಮೆ ಬೆದರಿ ಬಾಗಿಲ ಕಡೆ ಕಣ್ಣು ಓಡಿಸಿದಳು, ಅಲ್ಲಿ ಯಾರೂ ನಿಂತಿರಲಿಲ್ಲ. ಮತ್ತೆ ನನ್ನ ಕಡೆಗೆ ಬಂದಳು. ಈ ಸಲ ಕಣ್ಣು ನಿಂತಿತು. ಅವಳ ಕಣ್ಣಿನ ನಡುವೆ ಕಂದು ಬಣ್ಣ ಇದೆ ಎಂದು ನನಗೂ ಅವತ್ತೇ ಗೊತ್ತಾದದ್ದು. ನನಗೆ ಸಂಕೋಚವಾಗಿ ಏನೋ ಹುಡುಕುವವಳಂತೆ ಪಕ್ಕಕ್ಕೆ ಹೊರಳಿದೆ.

"ನಿನ್ ಕಿವಿ ನಮ್ಮವ್ವಂದು," ಎಂದಳು ಅವ್ವ, ಆಶ್ಚರ್ಯದಿಂದ. "ಥೇಟ್ ನಮ್ಮವ್ವಂದೇ."

"ಅವಲಕ್ಕಿ ಆರೋಗ್ತದೆ, ತಿನ್ನು."

"ಆರ್ಲಿ ಬಿಡು. ಈ ಕಡೆ ತಿರುಗು."

ನಾನು ತಿರುಗಿ ಕೂತೆ.